ಎಂಟು ಕಾಲಿನ ಕರಿಹುಳ

ಒಂದು ಕಂಪ್ಯೂಟರು ಸತ್ತಿದೆ ಅಂತ ಹೇಳುವ ಅಧಿಕಾರ ಯಾರದು? ನಮ್ಮ ತಾಲ್ಲೂಕಿನಲ್ಲಿ ಅದು ರಿಪೇರಿ ಅಂಗಡಿಯವನದು. ಅವನು ಒಂದು ಸಲ ಬಟನ್ ಒತ್ತಿ ನೋಡಿ, "ಮದರ್‌ಬೋರ್ಡ್ ಹೋಗಿದೆ, 8,000 ಆಗುತ್ತೆ, ಇಲ್ಲಾಂದ್ರೆ ಗುಜರಿಗೆ ಹಾಕು" ಅಂದರೆ ಮುಗಿಯಿತು. ಹಾಸ್ಟೆಲ್ ಹುಡುಗ 8,000 ಎಲ್ಲಿಂದ ತರ್ತಾನೆ? ಅವನವ್ವ ಕಳೆ ಕಿತ್ತ ಕೂಲಿ ಕೂಡಿಟ್ಟು ಕೊಡಿಸಿದ ಲ್ಯಾಪ್‌ಟಾಪು ಅದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡಾಗಲೇ ಇಬ್ಬರು ಮೂವರ ಕೈ ದಾಟಿತ್ತು. ಬಯಾಸ್ ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟು ಹೋಯಿತು. ತುಂಬಿದೆ ಅಂತ ತೋರಿಸುತ್ತಿದ್ದ ಬ್ಯಾಟರಿಯೂ ಅದೇ ಗಳಿಗೆಗೆ ಕೈಕೊಟ್ಟಿತು. ಆಮೇಲೆ ಫ್ಯಾನು ತಿರುಗುತ್ತೆ, ದೀಪ ಹತ್ತುತ್ತೆ, ಪರದೆ ಮಾತ್ರ ಅಮಾವಾಸ್ಯೆ.

ಬೋರ್ಡ್ ಹೋಗಿರಲಿಲ್ಲ ಗೆಳೆಯರೇ. ಹೋಗಿದ್ದು ಬೋರ್ಡಿನ ಮೇಲೆ ಕೂತಿರುವ ಒಂದು ಚಿಪ್ಪಿನೊಳಗಿನ ಬರಹ. (ಚಿಪ್ಪು ಅಂದರೆ ನಮ್ಮಜ್ಜಂದಿರಿಗೆ ನೆನಪಾಗುವುದು ಹೋಟೆಲಿನ ಹೊರಗೆ ಟೀ ಹುಯ್ಯುತ್ತಿದ್ದ ತೆಂಗಿನ ಚಿಪ್ಪು. ಇದು ಅದಲ್ಲ.) ಹುಣಸೆಬೀಜದ ಅರ್ಧದಷ್ಟಿರುವ, ಎಂಟು ಕಾಲಿನ ಕರಿಹುಳ. ಕರೆಂಟು ಬಂದ ಕೂಡಲೇ ಯಂತ್ರ ಹಾರ್ಡ್ ಡಿಸ್ಕನ್ನು ಕೇಳಲ್ಲ, ವಿಂಡೋಸನ್ನು ಕೇಳಲ್ಲ, ಮೊದಲು ಇದರ ಮಾತು ಕೇಳುತ್ತೆ. ಮೆಮೊರಿ ಎಷ್ಟಿದೆ, ಯಾವ ಡಿಸ್ಕಿನಿಂದ ಏಳಬೇಕು, ಎಲ್ಲ ಇದೇ ಹೇಳಬೇಕು. ಆ ಬರಹ ಅರ್ಧಕ್ಕೆ ಹರಿದರೆ ಯಂತ್ರ ಮೂಕ.

ಇದನ್ನು ಮತ್ತೆ ಬರೆಯೋಕೆ ಒಂದು ಸಲಕರಣೆ ಇದೆ. ಸಿಎಚ್341ಎ ಅನ್ನುವ ಚೀನಾದ ಚಿಪ್ಪನ್ನಿಟ್ಟು ಮಾಡಿದ, ಯುಎಸ್‌ಬಿಗೆ ಚುಚ್ಚುವ ಬೆರಳುದ್ದದ ಬೋರ್ಡು. ಕೆಲವು ನೂರು ರೂಪಾಯಿ. ಜೊತೆಗೆ ಬಟ್ಟೆ ಕ್ಲಿಪ್ಪಿನ ಹಾಗೆ ಕಚ್ಚಿ ಹಿಡಿಯುವ ಎಂಟು ಹಲ್ಲಿನ ಕ್ಲಿಪ್ಪು. ನಾವು ನಾಲ್ಕು ಜನ ಸೇರಿ ತರಿಸಿದೆವು. ಭಾನುವಾರ ಭಾನುವಾರ ಶಾಲೆಯ ಕೋಣೆಯೊಂದರಲ್ಲಿ ಕೂರುತ್ತೇವೆ.

ಮೊದಲು ಚಾರ್ಜರ್ ಕೀಳಬೇಕು, ಬ್ಯಾಟರಿ ಕೀಳಬೇಕು, ಒಳಗಿನ ಬಿಲ್ಲೆ ಬ್ಯಾಟರಿಯನ್ನೂ ಬಿಡಬಾರದು. ಚಿಪ್ಪಿನ ಒಂದು ಮೂಲೆಯಲ್ಲಿ ಚುಕ್ಕಿ ಇರುತ್ತೆ, ಅದೇ ಒಂದನೇ ಕಾಲು. ಕ್ಲಿಪ್ಪಿನ ಕೆಂಪು ತಂತಿ ಅಲ್ಲಿಗೇ ಬರಬೇಕು. ಆಮೇಲೆ ಭೂತಗನ್ನಡಿ ಹಿಡಿದು ಬೆನ್ನ ಮೇಲಿನ ನಂಬರು ಓದಬೇಕು. ಡಬ್ಲ್ಯೂ25ಕ್ಯೂ64ಎಫ್‌ವಿ ಅಂತಿದ್ದರೆ 3.3 ವೋಲ್ಟಿನದು. ಕೊನೆಯಲ್ಲಿ 'ವಿ' ಬದಲು 'ಡಬ್ಲ್ಯೂ' ಇದ್ದರೆ 1.8 ವೋಲ್ಟಿನದು. ಅದಕ್ಕೆ ನಡುವೆ ಅಡಾಪ್ಟರ್ ಬೇಕು, ಹಾಗೇ ಹಾಕಿದರೆ ಸುಟ್ಟೀತು. ಒಂದೇ ಒಂದು ಅಕ್ಷರ! ಪಿಯುಸಿ ಓದುವ ಹುಡುಗಿಯೊಬ್ಬಳು ನಮಗಿಂತ ಮೊದಲು ಅದನ್ನು ಓದಿಬಿಡುತ್ತಾಳೆ. "ಸಾರ್, ಮುಟ್ಟಬೇಡಿ, ಇದು ಡಬ್ಲ್ಯೂ" ಅಂತಾಳೆ. ನಮಗೆ ಚಾಳೀಸು ಬಂದಿದೆ, ಅವಳ ಕಣ್ಣು ಚುರುಕು.

ಈ ಅಗ್ಗದ ಬೋರ್ಡನ್ನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಬಹಳ ಮಾರಾಟವಾಗುವ ಕಪ್ಪು ಬೋರ್ಡಿನಲ್ಲಿ ಚಿಪ್ಪಿಗೆ ಕರೆಂಟು ಕೊಡುವ ಕಾಲಲ್ಲಿ ಸರಿಯಾಗಿ 3.3 ವೋಲ್ಟು ಬರುತ್ತೆ, ಆದರೆ ಮಾತು ಹೋಗುವ ಕಾಲುಗಳಲ್ಲಿ 5 ವೋಲ್ಟು ನುಗ್ಗುತ್ತೆ. ಬಹಳ ಚಿಪ್ಪುಗಳು ತಡೆದುಕೊಳ್ಳುತ್ತವೆ. ತಡೆದುಕೊಳ್ಳುತ್ತವೆ ಅಂತ ಹೊಡೆಯುತ್ತಲೇ ಇರಬಹುದಾ? ನಾವು ಮಲ್ಟಿಮೀಟರ್ ಇಟ್ಟು ನೋಡಿ, ಸಿಎಚ್341ಎಗೆ 5 ವೋಲ್ಟು ತರುವ ಕಾಲನ್ನು ಎತ್ತಿ, 3.3ಕ್ಕೆ ತಂತಿ ಬೆಸೆದುಕೊಂಡೆವು.

ಬರೆಯೋಕೆ ಮುಂಚೆ ಓದಬೇಕು. ಲಿನಕ್ಸಿನಲ್ಲಿ ಫ್ಲ್ಯಾಶ್‌ರಾಮ್ ಅನ್ನುವ ಪುಕ್ಕಟೆ ತಂತ್ರಾಂಶವಿದೆ. ಅದರಿಂದ ಚಿಪ್ಪಿನಲ್ಲಿದ್ದದ್ದನ್ನು ಎರಡು ಸಲ ಓದಿ, ಎರಡೂ ಅಕ್ಷರಕ್ಕಕ್ಷರ ಒಂದೇನಾ ಅಂತ ಹೋಲಿಸುತ್ತೇವೆ. ಬೇರೆ ಬೇರೆ ಬಂದರೆ ಕ್ಲಿಪ್ಪು ಸರಿಯಾಗಿ ಕಚ್ಚಿಲ್ಲ, ಇಲ್ಲವೇ ಕ್ಲಿಪ್ಪಿನ ಕರೆಂಟು ಪಕ್ಕದ ಭಾಗಗಳಿಗೆ ಹರಿದು ಹೋಗ್ತಿದೆ ಅಂತ ಅರ್ಥ. ಹಾಗಾದರೆ ಚಿಪ್ಪನ್ನು ಕಾಯಿಸಿ ಬಿಡಿಸಿ ತೆಗೆಯಬೇಕು. ಕೆಟ್ಟ ಬರಹ ಯಾಕೆ ಕಾಪಾಡೋದು ಅಂತ ಹುಡುಗರು ಕೇಳ್ತಾರೆ. ಆ ಯಂತ್ರದ ಸೀರಿಯಲ್ ನಂಬರು, ಎಷ್ಟೋ ಯಂತ್ರಗಳಲ್ಲಿ ನೆಟ್‌ವರ್ಕಿನ ವಿಳಾಸ, ವಿಂಡೋಸಿನ ಕೀಲಿ, ಎಲ್ಲಾ ಅದರಲ್ಲೇ ಇರುತ್ತೆ. ಇನ್ನೊಂದು ಯಂತ್ರದ ಬರಹ ತಂದು ಸುರಿದರೆ ಇದು ಎದ್ದು ಕೂತೀತು, ಆದರೆ ಇನ್ನೊಬ್ಬರ ಹೆಸರಲ್ಲಿ. ಕಂಪನಿ ಕೊಡುವ ಅಪ್‌ಡೇಟ್ ಫೈಲಿನಲ್ಲಿ ಸಾಮಾನ್ಯವಾಗಿ ಬಯಾಸಿನ ಭಾಗ ಮಾತ್ರ ಇರುತ್ತೆ. ಆ ಭಾಗವನ್ನಷ್ಟೇ ಬದಲಿಸಿ, ಮಿಕ್ಕದ್ದನ್ನು ಅದರದ್ದನ್ನೇ ಉಳಿಸಬೇಕು.

ಬರೆಯುವ ರೀತಿಯೂ ವಿಚಿತ್ರ. ಈ ಚಿಪ್ಪಿನಲ್ಲಿ ಬರೆಯೋದು ಅಂದರೆ ಒಂದನ್ನು ಸೊನ್ನೆ ಮಾಡೋದು. ಸೊನ್ನೆಯನ್ನು ಮತ್ತೆ ಒಂದು ಮಾಡಬೇಕಾದರೆ ಕನಿಷ್ಠ 4 ಕಿಲೋಬೈಟಿನ ಇಡೀ ತುಂಡನ್ನು ಅಳಿಸಬೇಕು. 8 ಮೆಗಾಬೈಟು ಬರೆದು, ಓದಿ ತಾಳೆ ನೋಡುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದು. ಆ ಹುಡುಗನ ಲ್ಯಾಪ್‌ಟಾಪು ಮೂರನೇ ಭಾನುವಾರ ಎದ್ದಿತು. ಖರ್ಚು ಟೀದು.

ಮೊದಲ ಮಾತು ಯಾರು ಬರೆಯಬೇಕು ಅನ್ನೋ ಜಗಳ ಹಳೆಯದು. 1981ರಲ್ಲಿ ಐಬಿಎಂ ತನ್ನ ಪಿಸಿಯ ಬಯಾಸ್ ಬರಹವನ್ನೇ ಕೈಪಿಡಿಯಲ್ಲಿ ಅಚ್ಚು ಹಾಕಿತು. ಓದಬಹುದು, ಆದರೆ ನಕಲು ಮಾಡೋ ಹಾಗಿಲ್ಲ. 1982ರಲ್ಲಿ ಕಾಂಪ್ಯಾಕ್ ಏನು ಮಾಡಿತು? ಓದಿದವರು ಬರೆಯಬಾರದು, ಬರೆಯುವವರು ಓದಿರಬಾರದು ಅಂತ ಕೆಲಸ ಹಂಚಿ, ಅದೇ ಕೆಲಸ ಮಾಡುವ ಬೇರೆ ಬಯಾಸ್ ಬರೆಸಿತು. ಅದು ಇಬ್ಬರು ಸಾಹುಕಾರರ ಜಗಳ, ಲಾಭ ಮಾತ್ರ ಎಲ್ಲರಿಗೂ ಸ್ವಲ್ಪ ಸಿಕ್ಕಿತು. 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ರಾನ್ ಮಿನ್ನಿಚ್ ಲಿನಕ್ಸ್‌ಬಯಾಸ್ ಶುರು ಮಾಡಿದರು. 2008ರಲ್ಲಿ ಅದರ ಹೆಸರು ಕೋರ್‌ಬೂಟ್ ಆಯಿತು. ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ಮೊದಲ ಮಾತು ಅದು.

ಅದು ಯಾಕೆ ಬೇಕು ಅಂದರೆ, ಕೆಲವು ಕಂಪನಿಗಳ ಬಯಾಸಿನಲ್ಲಿ ಒಂದು ಪಟ್ಟಿ ಇರುತ್ತೆ. ಪಟ್ಟಿಯಲ್ಲಿರುವ ವೈಫೈ ಕಾರ್ಡಿಗೆ ಮಾತ್ರ ಪ್ರವೇಶ. ಅದೇ ಅಳತೆಯ, ಅದೇ ಕೆಲಸದ ಅಗ್ಗದ ಕಾರ್ಡು ಹಾಕಿದರೆ ಯಂತ್ರ ಬಾಗಿಲಲ್ಲೇ ನಿಲ್ಲಿಸುತ್ತೆ. ಥಿಂಕ್‌ಪ್ಯಾಡ್ ಎಕ್ಸ್230 ಥರದ 2012ರ ಯಂತ್ರಕ್ಕೆ ಕೋರ್‌ಬೂಟ್ ಹಾಕಿದರೆ ಆ ಪಟ್ಟಿಯೇ ಇಲ್ಲ.

ಇನ್ನೊಂದು ಮಾತು. ಪಾಸ್‌ವರ್ಡ್ ಬಿದ್ದ ಲ್ಯಾಪ್‌ಟಾಪು ಹಿಡಿದು ನಮ್ಮ ಹುಡುಗರು ಬಸ್‌ಸ್ಟ್ಯಾಂಡಲ್ಲಿ ನಿಂತರೆ ಸಾಕು, "ಎಲ್ಲಿ ಎಗರಿಸಿದ್ರೋ?" ಅಂತ ಕೇಳುವವರಿದ್ದಾರೆ. ಅದೇ ಲ್ಯಾಪ್‌ಟಾಪು ಬೇರೆ ಕೈಯಲ್ಲಿದ್ದರೆ ಕೇಳಲ್ಲ. ಅದಕ್ಕೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ: ಕೊಂಡ ಚೀಟಿ ತೋರಿಸದ ಯಂತ್ರಕ್ಕೆ ನಾವು ಕ್ಲಿಪ್ಪು ಹಾಕಲ್ಲ. ಚೀಟಿ ಕೊಡದೆ ಮಾರುವ ಅಂಗಡಿಯಲ್ಲಿ ಕೊಳ್ಳಬೇಡಿ ಅಂತ ಮೊದಲೇ ಹೇಳಿ ಕಳಿಸ್ತೇವೆ.

ಹೊಸ ಯಂತ್ರಗಳದು ಬೇರೆ ಕಥೆ. 2013ರಿಂದೀಚೆಗೆ ಇಂಟೆಲ್ ಬೂಟ್ ಗಾರ್ಡ್ ಅನ್ನೋದನ್ನು ತಂದಿದೆ. ಕಂಪನಿ ಅದನ್ನು ಚಾಲೂ ಮಾಡಿದ್ದರೆ ತನ್ನ ಬೀಗದ ಗುರುತನ್ನು ಕಾರ್ಖಾನೆಯಲ್ಲೇ ಯಂತ್ರದೊಳಗೆ ಅಳಿಸಲಾಗದಂತೆ ಸುಟ್ಟು ಕಳಿಸಿರುತ್ತೆ. ಕಂಪನಿಯ ಸಹಿ ಇರುವ ಬರಹ ಹಾಕಿದರೆ ಏಳುತ್ತೆ, ಕೋರ್‌ಬೂಟ್ ಹಾಕಿದರೆ ಏಳಲ್ಲ. ಕಳ್ಳ ಬರಹ ನುಗ್ಗದ ಹಾಗೆ ಕಾವಲು ಅಂತಾರೆ. ಕಾವಲು ಬೇಕು, ಒಪ್ಪೋಣ. ಆದರೆ ದುಡ್ಡು ಕೊಟ್ಟು ಕೊಂಡವನ ಕೈಯಲ್ಲಿ ಆ ಬೀಗದ ಕೀಲಿ ಯಾಕಿಲ್ಲ? ಹಳೇ ಮಾಡೆಲ್ಲಿಗೆ ಕಂಪನಿ ಫೈಲು ಕೊಡೋದು ನಿಲ್ಲಿಸಿದ ಮೇಲೆ ಅವನು ಯಾರ ಬಾಗಿಲಿಗೆ ಹೋಗಬೇಕು?

ಅಂಥ ಎರಡು ಯಂತ್ರ ನಮ್ಮ ಕಪಾಟಿನಲ್ಲಿ ಕೂತಿವೆ. ಒಂದರ ಪರದೆ ತೆಗೆದು ಇನ್ನೊಬ್ಬಳಿಗೆ ಹಾಕಿಕೊಟ್ಟೆವು. ಮೆಮೊರಿಯೂ ಹೋಯಿತು. ಬೋರ್ಡುಗಳನ್ನು ಇಟ್ಟುಕೊಂಡಿದ್ದೇವೆ. 1.8 ವೋಲ್ಟಿನ ಅಡಾಪ್ಟರ್ ಇನ್ನೂ ಬರಬೇಕು.