ಹಸಿರು ಬಾಂಡ್‌ಗೂ ಜ್ವರ ಬಂದಿತ್ತು

ಬಾಂಡ್ ಅಂದ್ರೆ ನಾವು ಸರ್ಕಾರಕ್ಕೋ ಕಂಪನಿಗೋ ಕೊಡೋ ಸಾಲ. ಆ ಹಣ ಸೌರಶಕ್ತಿ, ಮೆಟ್ರೋದಂಥ ಕೆಲಸಕ್ಕೇ ಹೋಗಬೇಕೆಂಬ ಷರತ್ತಿದ್ದರೆ ಅದು ಹಸಿರು ಬಾಂಡ್. ತೀರಿಸುವವರು ಮಾತ್ರ ಅವರೇ.

2020ರ ಮಾರ್ಚ್‌ನಲ್ಲಿ ಕೊರೊನಾ ಭಯಕ್ಕೆ ಜಗತ್ತಿನ ದೊಡ್ಡ ಹೂಡಿಕೆದಾರರು ನಗದಿಗಾಗಿ ಮುಗಿಬಿದ್ದರು. ಸಿಕ್ಕಿದ್ದನ್ನೆಲ್ಲ ಮಾರುವ ಅವಸರದಲ್ಲಿ ಹಸಿರು, ಮಾಮೂಲಿ ಎರಡೂ ಒಟ್ಟಿಗೇ ಕುಸಿದವು. ಕೇಂದ್ರೀಯ ಬ್ಯಾಂಕುಗಳು ಬಾಂಡ್ ಕೊಳ್ಳಲು ಮುಂದಾದ ಮೇಲೆ ಎರಡೂ ಚೇತರಿಸಿಕೊಂಡವು.

ಇವು ಎಷ್ಟು ಹತ್ತಿರದ ನಂಟರು ಅನ್ನೋದಕ್ಕೆ ಜರ್ಮನಿ ನೋಡಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ 650 ಕೋಟಿ ಯೂರೋಗಳ ಮೊದಲ ಹಸಿರು ಬಾಂಡ್ ತಂತು. ಅದೇ ಅವಧಿ, ಅದೇ ಬಡ್ಡಿಯ ಮಾಮೂಲಿ ಬಾಂಡ್ ಅದಕ್ಕೆ ಅವಳಿ. ಆರಂಭದಲ್ಲಿ ಇಳುವರಿಯ ಅಂತರ ಶೇ. 0.01ರ ಆಸುಪಾಸು ಅಷ್ಟೇ!

ನಮ್ಮ ಕೇಂದ್ರ ಸರ್ಕಾರವೂ 2023ರ ಜನವರಿಯಲ್ಲಿ ಹಸಿರು ಬಾಂಡ್ ಶುರು ಮಾಡಿತು. ನಿವೃತ್ತಿ ದುಡ್ಡು ಕೈಗೆ ಬಂದಾಗ ಅಮ್ಮ "ಇದು ಹೆಚ್ಚು ಭದ್ರ ತಾನೇ?" ಅಂದ್ರು. "ಒಳ್ಳೆ ಕೆಲಸಕ್ಕಾಗುತ್ತೆ ಅಂತ ತಗೋಮ್ಮಾ, ಬಣ್ಣ ನೋಡಿ ಭದ್ರ ಅನ್ಕೋಬೇಡ" ಅಂದೆ. ಅವಧಿ ಮುಗಿಯೋವರೆಗೆ ಇಟ್ಟುಕೊಂಡರೆ ಸರ್ಕಾರ ಅಸಲು ಪೂರ್ತಿ ಕೊಡುತ್ತೆ. ಪೆಟ್ಟು ಬೀಳೋದು ನಡುವೆ ಮಾರುವವರಿಗೆ. ಹಾಗಾಗಿ ಆಸ್ಪತ್ರೆ ಖರ್ಚಿನ ದುಡ್ಡನ್ನ ಉಳಿತಾಯ ಖಾತೆಯಲ್ಲೇ ಬಿಟ್ಟು, ಮಿಕ್ಕಿದ್ದನ್ನಷ್ಟೇ ಬಾಂಡ್‌ಗೆ ಹಾಕಿದೆವು.