ಗ ಮತ್ತು ಮ

ನಮ್ಮ ಅಕ್ಕಲಕೋಟ ಸೀಮ್ಯಾಗ ಪೇಟಿ ಇಲ್ಲದ ಭಜನಿ ಕಳೆ ಕಟ್ಟೂದಿಲ್ಲ. ನಮ್ಮ ಮ್ಯಾಳದ ಪೇಟಿಯವ ಮಗನ ಕೂಡ ಇರಾಕ ಪುಣೆಗೆ ಹೋದ. 40 ವರ್ಷ ಏಕತಾರಿ ಹಿಡಿದು ಹಾಡಿದ ನಾನು 58ನೇ ವಯಸ್ಸಿನಾಗ ಪೇಟಿ ಮುಂದ ಕುಂತೆ.

ಎರಡು ತಿಂಗಳಾಗ ಒಂದು ಪದ ಬಂತು. ಮುಂದ ಐದು ತಿಂಗಳು ಕೆಸರಾಗ ಹೂತ ಗಾಡಿ ಹಾಂಗ ನಿಂತೆ. ದಿನಾ ಹೊಲದಿಂದ ಬಂದು ಒಂದು ತಾಸು ಬಾರಿಸಿದ್ರೂ ಅಷ್ಟ. ಒಂದು ಅಮಾಸಿ ರಾತ್ರಿ ಪದದ ನಡುವ ಕೈ ತಪ್ಪಿತು, ಅದರ ಕೂಡ ದನೀನೂ ನಿಂತಿತು. ನನ್ನ ದನಿ ನಿಂತದ್ದು ಅದ ಮೊದಲು. ಮನಿಗೆ ಬಂದು ಪೇಟಿಗೆ ಅರಿವಿ ಹೊಚ್ಚಿಬಿಟ್ಟೆ.

ಬಾಜೂ ಊರಿನ ಹಿರಿಯರೊಬ್ಬರು ಬಂದು ಅದನ್ನ ತೆಗೆಸಿದರು. ಹಾಡು ಕೇಳಲಿಲ್ಲ, ಬೆರಳು ನೋಡಿದರು. ನಾನು ಬಿಳಿ ಒಂದಕ್ಕ ಸಾ ಹಿಡಿದು ಬಾರಿಸ್ತಿದ್ದೆ. "ಗ ಬಿಟ್ಟು ಮಕ್ಕ ಹೋಗುವಾಗ ಕೈ ಎತ್ತತಿ ನೋಡಪ್ಪಾ. ಹೆಬ್ಬೆರಳು ನಡುಬೆರಳಿನ ಕೆಳಗ ಹಾಯಿಸು. ಪದ ಮೊದಲಿಂದ ಬಾರಿಸಬ್ಯಾಡ. ಇವೆರಡ ಸ್ವರ, ಸಾವಕಾಶ."

ಖರೆ ಅಂದ್ರ ನಾನು ದಿನಾ ಬರೂದನ್ನ ಹತ್ತು ಸಲ ಬಾರಿಸ್ತಿದ್ದೆ, ಬರದ ಜಾಗಾ ಹಾರಿಸಿ ಓಡ್ತಿದ್ದೆ.

ಹದಿನೈದು ದಿನ ಗ-ಮ, ಗ-ಮ. ನಮ್ಮಾಕಿ ಒಲಿ ಮುಂದಿಂದ, "ಅಡಗಿ ಮಾಡೂದು ನಾನು, ಗಮಗಮ ಅನ್ನೂದು ನೀವೇನ್ರೀ?" ಅಂದಳು. ಹದಿನಾರನೇ ದಿನ ಕೈ ಎತ್ತದ ಪಾ ತನಕ ಹೋದೆ.

ಈಗ ಕರಿ ಎರಡಕ್ಕ ಬಂದು ಮತ್ತ ನಿಂತೀನಿ. ಅರಿವಿ ಮಾತ್ರ ಹೊಚ್ಚಿಲ್ಲ.