ಎರಡು ಮೊನೆಯ ಪೆನ್ನು

ನನ್ನ ಮಟ್ಟಿಗೆ ಜರ್ನಲ್ ಎಂದರೆ ಒಂದೇ. ಬಲಪುಟದಲ್ಲಿ ಪ್ರಯೋಗದ ವಿವರ ಬರೆದು, ಎಡಪುಟದಲ್ಲಿ ಪೆನ್ಸಿಲಿನಿಂದ ಚಿತ್ರ ಬಿಡಿಸಿ, ವರ್ಷದ ಕೊನೆಗೆ ಮಾಸ್ತರರ ಸಹಿಗೆ ತಂದಿಡುವ ದಪ್ಪ ರಟ್ಟಿನ ಪುಸ್ತಕ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಂಥ ಪುಸ್ತಕಗಳಿಗೆ ಕೆಂಪು ಶಾಯಿಯ ಸಹಿ ಹಾಕಿದವನು ನಾನು. ಹೀಗಾಗಿ ಮೇ ತಿಂಗಳ ರಜೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ‘ನನಗ ಜರ್ನಲ್ ಮಾಡ್ಲಿಕ್ಕೆ ಪೆನ್ ಬೇಕ್ರಿ ಸರ’ ಎಂದಾಗ, ರಜೆಯಲ್ಲೂ ಪ್ರಯೋಗ ಬರೆಯುವ ಮಗು ಈ ಕಾಲದಲ್ಲಿ ಇದೆಯಲ್ಲ ಎಂದು ಹಿಗ್ಗಿದೆ. ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಅವಳ ಜರ್ನಲ್ ಬೇರೆಯೇ. ದಿನಕ್ಕೊಂದು ಪುಟ, ಅಂದು ಕಂಡದ್ದರ ಚಿತ್ರ, ಪಕ್ಕದಲ್ಲಿ ನಾಲ್ಕು ಸಾಲು, ಮೇಲೆ ಅಂದವಾದ ದಪ್ಪ ಅಕ್ಷರದಲ್ಲಿ ತಾರೀಖು.

ಇದು ನಡೆದದ್ದು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಂದು ಸ್ಟೇಷನರಿ ಅಂಗಡಿಯಲ್ಲಿ. ಹುಡುಗಿಯ ತಂದೆ ನನ್ನ ಹಳೆಯ ವಿದ್ಯಾರ್ಥಿ. ಈಗ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ, ಮನೆ ಕಮಲಾಪುರದಲ್ಲಿ. ಗಲ್ಲೆಯ ಮೇಲೆ ಎರಡು ಪೆಟ್ಟಿಗೆಗಳು ತೆರೆದುಕೊಂಡಿದ್ದವು. ಎರಡರಲ್ಲೂ ಇದ್ದದ್ದು ಎರಡು ಮೊನೆಯ ಪೆನ್ನುಗಳೇ: ಒಂದು ತುದಿ ಕುಂಚದಂತೆ ಮೆತ್ತಗೆ, ಇನ್ನೊಂದು ತುದಿ ಸೂಜಿಯಂತೆ ಸಣ್ಣಗೆ. ಒಂದು ಪೆಟ್ಟಿಗೆಯಲ್ಲಿ 48 ಬಣ್ಣ, ಇನ್ನೊಂದರಲ್ಲಿ 12. ಬೆಲೆ ಮಾತ್ರ ಎರಡಕ್ಕೂ 600 ರೂಪಾಯಿ.

‘ಸರ, ಭಾಗಾಕಾರ ಕಲಿಸಿದವರು ನೀವೇ. ಇದು ಒಂದಕ್ಕ ಹನ್ನೆರಡೂವರಿ ರೂಪಾಯಿ ಬೀಳ್ತದ, ಅದು ಐವತ್ತು. ಈಕಿ ಐವತ್ತರದೇ ಬೇಕಂತಾಳ್ರಿ. ನೀವೇ ಬುದ್ಧಿ ಹೇಳ್ರಿ’ ಎಂದ.

ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಅವಳು ಕೂಡಿಟ್ಟ ದುಡ್ಡು ಅದರಲ್ಲಿ ಅರ್ಧ ಇತ್ತೆಂದು ಆಮೇಲೆ ತಿಳಿಯಿತು. ನನ್ನ ಬಾಯಿಗೆ ಬಂದ ಮಾತು, ‘ಸ್ಕೆಚ್ ಪೆನ್ ಯಾವುದಾದರೇನು, ಅಭ್ಯಾಸ ಮಾಡು’ ಎಂಬುದು. ಆದರೆ ಅದನ್ನು ಹೇಳದಂತೆ ತಡೆದದ್ದು ಬಹಳ ವರ್ಷಗಳ ಹಿಂದಿನ ಒಂದು ಎಡಪುಟ.

ಆಗ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ದಾಸವಾಳ ಹೂವಿನ ಉದ್ದಸೀಳಿಕೆಯನ್ನು ಜರ್ನಲಿನಲ್ಲಿ ಸ್ಕೆಚ್ ಪೆನ್ನಿನಿಂದ ಬಿಡಿಸಿದ್ದಳು. ಕೇಸರ ನಳಿಗೆ, ಶಲಾಕೆ, ಅಂಡಾಶಯ ಎಲ್ಲವೂ ಇದ್ದಲ್ಲೇ ಇದ್ದವು. ಆದರೆ ಬಣ್ಣ ಇಂಗಿ, ಹಿಂದಿನ ಪುಟದ ಬರಹವೆಲ್ಲ ಕೆಂಪಾಗಿ ಓದಲು ಬಾರದಂತಾಗಿತ್ತು. ನಾನು ಚಿತ್ರದ ಮೇಲೆಯೇ ಅಡ್ಡಗೆರೆ ಎಳೆದು, ‘ಹೊಲಸು. ಮತ್ತೆ ಬರೆದು ತಾ’ ಎಂದು ಬರೆದೆ. ಅವಳು ಪೆನ್ಸಿಲಿನಲ್ಲಿ ಹೊಸದಾಗಿ ಬರೆದು ತಂದಳು. ಅಚ್ಚುಕಟ್ಟಾಗಿತ್ತು, ಸಹಿ ಹಾಕಿದೆ. ಆ ವರ್ಷ ಅವಳು ಮತ್ತೆ ಬಣ್ಣ ಮುಟ್ಟಲಿಲ್ಲ. ಕೆಲವು ತಿಂಗಳ ನಂತರ ನನ್ನ ಅಂಕಪಟ್ಟಿಯ ಮೇಲೆ ಚಹಾ ಚೆಲ್ಲಿ, ನನ್ನದೇ ಕೆಂಪು ಸಹಿ ಕಲಸಿ ಮೂರು ಪುಟ ಹಾಳಾದವು. ನನಗೆ ಮಾತ್ರ ಯಾರೂ ‘ಹೊಲಸು’ ಎನ್ನಲಿಲ್ಲ.

ಆದ್ದರಿಂದ ಅಂದು ಅಂಗಡಿಯವರಿಂದ ಎರಡೂ ಬಗೆಯ ಕಪ್ಪು ಪೆನ್ನು, ಕೆಂಪು ಪೆನ್ನು ಒಂದೊಂದು ಬಿಡಿಯಾಗಿ ಕೊಂಡೆ. ‘ಮೂರು ದಿನ ತಡೀರಿ, ನೋಡಿ ಹೇಳ್ತೀನಿ’ ಎಂದು ತಂದೆ ಮಗಳನ್ನು ಬಸ್ಸಿಗೆ ಕಳಿಸಿದೆ.

ಮನೆಯಲ್ಲಿ ಮೊದಲು ಮಾಡಿದ್ದು ಒಂಬತ್ತನೆಯ ತರಗತಿಗೆ ಅನೇಕ ವರ್ಷ ಮಾಡಿಸಿದ ಪ್ರಯೋಗ. ಸೀಮೆಸುಣ್ಣದ ಕಡ್ಡಿಯ ಬುಡದಿಂದ ಒಂದು ಬೆರಳು ಮೇಲೆ ಕಪ್ಪು ಪೆನ್ನಿನಿಂದ ಸುತ್ತ ಗೆರೆ ಎಳೆದು, ತಟ್ಟೆಯಲ್ಲಿನ ತೆಳುವಾದ ನೀರಿನಲ್ಲಿ ಅದನ್ನು ನಿಲ್ಲಿಸಿದೆ. ಗೆರೆ ನೀರಿಗೆ ಮುಳುಗಬಾರದು. ನೀರು ಕಡ್ಡಿಯ ಸಣ್ಣ ರಂಧ್ರಗಳ ಮೂಲಕ ತಾನಾಗಿ ಮೇಲೇರುತ್ತದೆ, ಏರುತ್ತ ಬಣ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಹತ್ತು ನಿಮಿಷದಲ್ಲಿ ಕಪ್ಪು ಎಂಬ ಕಪ್ಪು ಒಡೆದು ನೀಲಿ, ನೇರಳೆ, ಹಳದಿಯ ಪಟ್ಟೆಗಳಾದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ಹಸಿರನ್ನು ಹೀಗೆಯೇ ಬಿಡಿಸಿದರು. ಅವರ ಹೆಸರಿನ ಅರ್ಥವೂ ರಷ್ಯನ್ ಭಾಷೆಯಲ್ಲಿ ‘ಬಣ್ಣ’ ಎಂದೇ.

ಕಪ್ಪು ಹೀಗೆ ಒಡೆದರೆ ಆ ಶಾಯಿ ನೀರಿನಲ್ಲಿ ಕರಗುವ ಬಣ್ಣ ಎಂದರ್ಥ. ಎರಡೂ ಪೆನ್ನು ಅದೇ ಜಾತಿಯವು. ಇಂಥದರಲ್ಲಿ ಒಂದು ಬಣ್ಣದ ಮೇಲೆ ಇನ್ನೊಂದನ್ನು ಬೆರೆಸಬಹುದು, ಒದ್ದೆ ಕುಂಚದಿಂದ ಅಂಚನ್ನು ಹರಡಬಹುದು. ಆದರೆ ಒಂದು ಹನಿ ನೀರು ಬಿದ್ದರೆ ಬರಹ ಅಳಿಸುತ್ತದೆ. ಗೆರೆ ಇದ್ದಲ್ಲೇ ನಿಂತರೆ ಎರಡು ಸಾಧ್ಯತೆ. ಒಂದು, ಕರಗದ ಸೂಕ್ಷ್ಮ ಕಣಗಳ ಶಾಯಿ. ಅದು ಆರಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಇನ್ನೊಂದು, ಆಲ್ಕೋಹಾಲಿನಲ್ಲಿ ಕರಗಿಸಿದ ಶಾಯಿ. ಮುಚ್ಚಳ ತೆಗೆದಾಗ ಬರುವ ಘಾಟು ಅದರ ಗುರುತು. ಅದು ಬೇಗ ಆರಿ ಬಣ್ಣ ಸಮವಾಗಿ ಕೂರುತ್ತದೆ. ಆದರೆ ತೆಳು ಕಾಗದವನ್ನು ದಾಟಿ ಕೆಳಗಿನ ಪುಟಕ್ಕೂ ಇಳಿಯುತ್ತದೆ. ಎರಡೂ ಬದಿ ಬರೆಯುವ ಪುಸ್ತಕಕ್ಕೆ ಅದು ಬೇಡ.

ಎರಡನೆಯ ಪರೀಕ್ಷೆ ಮೊನೆಯದು. ನಾರನ್ನು ಒತ್ತಿ ಮಾಡಿದ ಪೆನ್ನಿನ ಮೊನೆ ಜಪಾನಿನಲ್ಲಿ 1962ರಲ್ಲಿ ಯುಕಿಯೊ ಹೊರಿಯೆ ಎಂಬವರಿಂದ ಬಂತು. ಅದೇ ದೇಶದ ಕುರೆತಾಕೆ ಸಂಸ್ಥೆ 1973ರಲ್ಲಿ ಕುಂಚದ ಮೊನೆಯ ಪೆನ್ನು ಮಾರುಕಟ್ಟೆಗೆ ತಂದಿತು. ಕುಂಚದ ಮೊನೆಯ ಗುಣವೆಲ್ಲ ಅದು ಬಾಗಿ ಮತ್ತೆ ನೆಟ್ಟಗಾಗುವುದರಲ್ಲಿದೆ. ಮೆಲ್ಲಗೆ ಎಳೆದರೆ ಕೂದಲೆಳೆ, ಒತ್ತಿ ಎಳೆದರೆ ಬೆರಳ ದಪ್ಪ. ನಾನು ಎರಡರಿಂದಲೂ ‘ಅ’ ಬರೆಯುತ್ತ ಕುಳಿತೆ. ಅಗ್ಗದ ಪೆನ್ನು ಮೊದಲ ಪುಟದಲ್ಲಿ ಚೆನ್ನಾಗಿತ್ತು. ಮೂರನೆಯ ಪುಟಕ್ಕೆ ಅದರ ಮೊನೆ ಮೊಂಡಾಗಿ, ನಾರು ಎದ್ದು, ಬಾಗಿದ್ದು ಬಾಗಿದಂತೆಯೇ ಉಳಿಯಿತು. ಇನ್ನೊಂದು ಪ್ರತಿ ಸಲವೂ ನೆಟ್ಟಗಾಯಿತು. ಐವತ್ತು ರೂಪಾಯಿ ಹೋಗುತ್ತಿದ್ದದ್ದು ಬಣ್ಣಕ್ಕಲ್ಲ, ಮೊನೆಗೆ. ಹುಡುಗಿ ಅದನ್ನು ಕೈಯಿಂದಲೇ ತಿಳಿದಿದ್ದಳು. ನನಗೆ ಮೂರು ಪುಟ ಬೇಕಾದವು.

ಮೂರನೆಯದು ಕಾಗದ. ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಒಳ್ಳೆಯ ಪೆನ್ನಿನಿಂದಲೇ ಮಾಮೂಲಿ ನೋಟ್‌ಬುಕ್ಕಿನ ಮೇಲೆ ಬರೆದು ಪುಟ ತಿರುಗಿಸಿದರೆ, ಹಿಂಬದಿ ಅದೇ ಕೆಂಪು. ಅದೇ ಪೆನ್ನಿನಿಂದ ನುಣುಪಾದ ದಪ್ಪ ಕಾಗದದ ಮೇಲೆ ಬರೆದರೆ ಹಿಂಬದಿ ಬೆಳ್ಳಗೆ. ಕಾಗದವೆಂದರೆ ನಾರಿನ ಹೆಣಿಗೆ. ಸೀಮೆಸುಣ್ಣ ನೀರನ್ನು ಎಳೆದ ಹಾಗೆ ನಾರು ಶಾಯಿಯನ್ನು ಎಳೆಯುತ್ತದೆ. ತಯಾರಿಕೆಯಲ್ಲಿ ಸರಿಯಾಗಿ ಅಂಟು ಹಾಕಿದ ಕಾಗದ ಅಷ್ಟಾಗಿ ಎಳೆಯುವುದಿಲ್ಲ. ಹಾಗಾದರೆ ಅಂದಿನ ಆ ದಾಸವಾಳದ ತಪ್ಪು ಹುಡುಗಿಯದಾಗಿರಲಿಲ್ಲ. ಕಾಗದದ್ದು. ಕೇಶಾಕರ್ಷಣೆ ಎಂದು ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಪಾಠ ಮಾಡಿದ ನನಗೆ, ಅದು ಕಣ್ಣೆದುರಿನ ಎಡಪುಟದಲ್ಲಿ ನಡೆದಾಗ ಗುರುತು ಸಿಗಲಿಲ್ಲ.

ಮೂರನೆಯ ದಿನ ಫೋನ್ ಮಾಡಿ ತಂದೆಗೆ ಹೇಳಿದೆ: ‘ಪೆಟ್ಟಿಗಿ ಬ್ಯಾಡಪ್ಪ. ಆಕಿ ಹೇಳಿದ್ದೇ ಪೆನ್ನು ಬಿಡಿಯಾಗಿ ಆರು ತಗೋ. ಹಳದಿ, ಕೆಂಪು, ನೀಲಿ, ಕಂದು, ಬೂದಿ, ಕಪ್ಪು. ಮುನ್ನೂರು ಆಗ್ತದ. ಉಳಿದದ್ದರಾಗ ನುಣುಪು ಹಾಳಿಯ ದಪ್ಪ ಪುಸ್ತಕ ಕೊಡಿಸು. ಅರ್ಧ ಪೆನ್ನಿಗೆ, ಅರ್ಧ ಹಾಳಿಗೆ.’

ಅವನು ಒಪ್ಪಿದ. ಆದರೆ ಒಂದು ಮಾತು ಕೇಳಿದ: ‘ಇದರಿಂದ ಮುಂದ ಏನರೆ ಆಗ್ತದೇನ್ರಿ ಸರ?’ ಪಾಲಕರು ಕೇಳುವ ಪ್ರಶ್ನೆಯೇ. ಇದೇ ಊರಿನಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು, ಪುರಾಣದ ಚಿತ್ರಗಳಿಂದ ದೇಶಕ್ಕೆಲ್ಲ ಹೆಸರಾದರು, ನಮ್ಮ ರಂಗಮಂದಿರಕ್ಕೆ ಇಟ್ಟಿರುವುದು ಅವರ ಹೆಸರನ್ನೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರೂ ಪಂಡಿತರಾಗುವುದಿಲ್ಲ. ‘ದಿನಾ ಒಂದು ವಸ್ತು ನೆಟ್ಟಗ ನೋಡ್ತಾಳಲ್ಲ, ಅದು ವಿಜ್ಞಾನಕ್ಕೂ ಬೇಕು’ ಎಂದೆ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಮಾತ್ರ ಚಿತ್ರಕ್ಕೆ ಪೆನ್ಸಿಲ್ಲೇ ಸರಿ ಎಂದೂ ಸೇರಿಸಿದೆ. ಮಾಸ್ತರಿಕೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮೂವರೂ ಕೋಟೆಗೆ ಹೋದೆವು. ಬಿಸಿಲು ಏರುವ ಮೊದಲೇ ಬಾಲಾ ಹಿಸಾರಿನ ನೆರಳಿನಲ್ಲಿ ಕುಳಿತು ಅವಳು ಗೋಡೆಯನ್ನು ಬಿಡಿಸಿದಳು. ಸಣ್ಣ ಮೊನೆಯಿಂದ ಕಲ್ಲಿನ ಸಂದು, ಕುಂಚದ ಮೊನೆಯಿಂದ ಬೂದಿಯ ನೆರಳು. ಜಾಮಿಯಾ ಮಸೀದಿಯ ಗುಮ್ಮಟಗಳು ದೂರದಲ್ಲಿ ಕಾಣುತ್ತಿದ್ದವು. 1367ರಲ್ಲಿ ಕಟ್ಟಿದ್ದು, ತೆರೆದ ಅಂಗಳವಿಲ್ಲದೆ ಇಡೀ ಮಸೀದಿಗೆ ಮಾಡು ಇದೆ ಎಂದು ನಾನು ಹೇಳಿದ್ದನ್ನು ಪಕ್ಕದಲ್ಲಿ ಬರೆದುಕೊಂಡಳು. ತಂದೆ ಚೀಲದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತೆಗೆದ. ಅವಳು ತಿನ್ನಲು ಬಿಡದೆ ಒಂದನ್ನು ಕಸಿದುಕೊಂಡು ಪೆನ್ನುಗಳ ಪಕ್ಕ ಇಟ್ಟಳು.

‘ಈ ಬಣ್ಣ ಇದರಾಗ ಇಲ್ರಿ ಸರ.’

‘ನಲವತ್ತೆಂಟರ ಪೆಟ್ಟಿಗ್ಯಾಗ ಇರ್ತಿತ್ತು ನೋಡು’ ಎಂದ ತಂದೆ.

ಅವಳು ಉತ್ತರ ಕೊಡಲಿಲ್ಲ. ಮೊದಲು ಕೆಂಪು ಹಚ್ಚಿ, ಆರುವ ಮುನ್ನ ಅಂಚಿಗೆ ಕಂದು ಎಳೆದು, ಕೆಳಬದಿಗೆ ಒಂದೆಳೆ ನೀಲಿ ಕೊಟ್ಟು, ಮತ್ತೆ ಮೇಲೆ ಕೆಂಪು ಒರೆಸಿದಳು. ಕೆಂಪು ಪೆನ್ನಿನ ಮೊನೆ ಕಪ್ಪಿಟ್ಟಿತು. ರದ್ದಿ ಹಾಳೆಯ ಮೇಲೆ ನಾಲ್ಕು ಸಲ ಗೀಚಿದಾಗ ಮತ್ತೆ ಶುದ್ಧವಾಯಿತು. ಪುಟದ ಮೇಲೆ ಕಮಲಾಪುರದ ಬಾಳೆಹಣ್ಣು ಇತ್ತು. ತಂದೆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಲೆಕ್ಕ ಮಾಡಲಿಲ್ಲ.

ಅವಳಿಗೆ ಇನ್ನೆರಡು ಮಾತು ಹೇಳಿದೆ. ನಮ್ಮೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಆದ್ದರಿಂದ ಮುಚ್ಚಳ ಟಕ್ಕೆನ್ನುವವರೆಗೆ ಒತ್ತಬೇಕು. ಪೆನ್ನನ್ನು ನಿಲ್ಲಿಸಿಟ್ಟರೆ ಶಾಯಿ ಕೆಳಗಿಳಿದು ಮೇಲಿನ ಮೊನೆ ಒಣಗುತ್ತದೆ, ಅಡ್ಡ ಮಲಗಿಸಬೇಕು. ಇನ್ನು, ಚಿತ್ರವನ್ನು ಗೋಡೆಗೆ ಹಾಕಬೇಡ, ಪುಸ್ತಕದೊಳಗೇ ಇರಲಿ. ಈ ಕೊನೆಯ ಮಾತಿಗೆ ಪುರಾವೆ ತಿಂಗಳ ಮೇಲೆ ಸಿಕ್ಕಿತು. ಎರಡೂ ಪೆನ್ನಿನ ಗೆರೆಗಳನ್ನು ಅರ್ಧ ಮುಚ್ಚಿ ಕಿಟಕಿಯ ಬಿಸಿಲಿಗೆ ಇಟ್ಟಿದ್ದೆ. ಅಗ್ಗದ ಕೆಂಪು ತೆರೆದ ಭಾಗದಲ್ಲಿ ಬಹುತೇಕ ಮಾಯವಾಗಿತ್ತು. ದುಬಾರಿಯದೂ ಮಾಸಿತ್ತು, ಸ್ವಲ್ಪ ಕಡಿಮೆ. ಬಿಸಿಲು ಬೆಲೆ ನೋಡುವುದಿಲ್ಲ.

ಕೋಟೆಯಿಂದ ಏಳುವ ಮುಂಚೆ ಅವಳು ಪುಸ್ತಕವನ್ನು ನನ್ನ ಮುಂದೆ ಹಿಡಿದು, ‘ಸಹಿ ಮಾಡ್ರಿ ಸರ’ ಎಂದಳು. ಹಳೆಯ ಅಭ್ಯಾಸದಿಂದ ಮೊದಲು ಪುಟ ತಿರುಗಿಸಿ ಹಿಂಬದಿ ನೋಡಿದೆ. ನಾಲ್ಕು ಸಲ ಹಚ್ಚಿದ ಕಡೆ, ಆ ದಪ್ಪ ಕಾಗದದಲ್ಲೂ, ಒಂದು ಕಾಳಿನಷ್ಟು ಕೆಂಪು ಇಂಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಪುಟ ಮತ್ತೆ ಮುಂದಕ್ಕೆ ತಿರುಗಿಸಿದೆ. ಜೇಬಿನ ಕೆಂಪು ಪೆನ್ನನ್ನು ಮುಟ್ಟದೆ, ಅವಳದೇ ನೀಲಿಯ ಸಣ್ಣ ಮೊನೆಯಿಂದ ಮೂಲೆಯಲ್ಲಿ ಸಹಿ ಮಾಡಿ, ತಾರೀಖು ಹಾಕಿದೆ. ಆಮೇಲೆ ಬಾಳೆಹಣ್ಣು ತಿಂದೆವು.